ಅಮ್ಮನ ಫೋನಿನ ಹತ್ತು ಹೆಸರು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು ಇನ್ನಷ್ಟು ಕಾಲ ಬದುಕಿದ್ದರೆ, ಗುಂಡಿ ಒತ್ತುವ ಫೋನಿಗೆ ಪ್ರೋಗ್ರಾಂ ಬರೆದು ನೋಡು ಎಂದೂ ಸೇರಿಸುತ್ತಿದ್ದರು. ನಾನು ಬರೆದು ನೋಡಿದವನು. ಟಚ್ ಫೋನುಗಳು ಬರುವ ಮೊದಲು ಜಾವಾ ಎಂಬ ದೊಡ್ಡ ಭಾಷೆಯನ್ನು ಒಗೆದು, ಹಿಂಡಿ, ಕುಗ್ಗಿಸಿ ನಮ್ಮಂಥವರ ಕೈಗೆ ಕೊಟ್ಟಿದ್ದರು. ಆಟವಾಗಲಿ, ಕ್ಯಾಲೆಂಡರಾಗಲಿ, ನಾವು ಬರೆದದ್ದೆಲ್ಲ ಅರವತ್ತನಾಲ್ಕು ಕೆಬಿಯೊಳಗೆ ಮುದುಡಿ ಕೂರಬೇಕಿತ್ತು. ಈಗ ಬೆಳಗಾದರೆ ಬಂಧುಗಳು ಕಳಿಸುವ ಶುಭೋದಯದ ಒಂದು ಗುಲಾಬಿ ಹೂವೂ ಅಷ್ಟು ಜಾಗದಲ್ಲಿ ಹಿಡಿಸುವುದಿಲ್ಲ. ಸಾಲದ್ದಕ್ಕೆ, ಒಂದು ಫೋನಿನಲ್ಲಿ ಚೆನ್ನಾಗಿ ಓಡಿದ್ದು ಇನ್ನೊಂದರಲ್ಲಿ ಮುನಿಸಿಕೊಂಡು ಕೂರುತ್ತಿತ್ತು, ಒಂದೇ ಅಡುಗೆಯನ್ನು ಒಬ್ಬ ಅಳಿಯ ಹೊಗಳಿ ಇನ್ನೊಬ್ಬ ಅಳಿಯ ಎಲೆ ಬಿಟ್ಟು ಎದ್ದ ಹಾಗೆ.

ಆ ಕಾಲ ಹೋದರೂ ಅದರ ಬುದ್ಧಿ ನನ್ನನ್ನು ಬಿಟ್ಟಿಲ್ಲ. ಈಗಲೂ ವಡೋದರದ ಮಕರಪುರದಲ್ಲಿ ಒಂದು ಸಣ್ಣ ಕಂಪನಿಯಲ್ಲಿ, ಕಾರ್ಖಾನೆಯವರು ಬಾಯ್ಲರಿನ ರೀಡಿಂಗ್ ತೆಗೆದುಕೊಳ್ಳುವ ಕೈಯಂತ್ರಗಳಿಗೆ ಪ್ರೋಗ್ರಾಂ ಬರೆಯುತ್ತೇನೆ. ಮಂಜಲ್‌ಪುರದ ನಮ್ಮ ಮನೆಯಲ್ಲಿ ಹೊಸ ಪಾತ್ರೆ ಬಂದರೆ ಹಳೆಯದೊಂದು ಹೊರಗೆ ಹೋಗಬೇಕು ಎನ್ನುವುದು ನನ್ನ ಕಾನೂನು. "ನಿಮ್ಮನ್ನ ಮದುವೆ ಆಗುವಾಗ ನಿಮ್ಮ ಹೃದಯದಲ್ಲಿ ಜಾಗ ಉಂಟಾ ಅಂತ ಕೇಳ್ಲಿಕ್ಕೆ ಮರ್ತೆ" ಎಂದು ನನ್ನ ಹೆಂಡತಿ ಶೈಲಾ ಆಗಾಗ ಹೇಳುತ್ತಾಳೆ. ಜಾಗವಿತ್ತು. ಸ್ವಲ್ಪ ಹೊಂದಿಸಿಕೊಳ್ಳಬೇಕಾಯಿತು, ಅಷ್ಟೇ.

ನನ್ನ ಈ ವಿದ್ಯೆ ಮನೆಗೆ ಉಪಯೋಗಕ್ಕೆ ಬಂದದ್ದು ಒಂದೇ ಸಲ. ಅಪ್ಪ ಹೋದ ಮೇಲೆ ಅಮ್ಮ ಉಡುಪಿ ಬಿಟ್ಟು ನಮ್ಮ ಜೊತೆ ವಡೋದರಕ್ಕೆ ಬಂದಳು. ಅವಳ ತಂಗಿ ಸುಶೀಲಾ ಚಿಕ್ಕಮ್ಮ ಇರುವುದು ಸೂರತ್ತಿನಲ್ಲಿ. ಅಲ್ಲಿಯ ಪಾಂಡೇಸರಾ ಬಡಾವಣೆಯ ಬಟ್ಟೆ ಮಿಲ್ಲುಗಳ ಹತ್ತಿರ ಚಿಕ್ಕಪ್ಪನ ಉಡುಪಿ ಹೋಟೆಲು. ಮಧ್ಯಾಹ್ನದ ಊಟದ ಗಲಾಟೆ ಮುಗಿದ ಮೇಲೆ ಅಕ್ಕತಂಗಿಯರು ದಿನಾ ಮಾತಾಡಬೇಕು. ಆದರೆ ಅಮ್ಮನಿಗೆ ಇಂಗ್ಲಿಷ್ ಓದಲು ಬಾರದು, ಫೋನಿಗೆ ಕನ್ನಡ ಬಾರದು. ಎರಡು ಒತ್ತಿ ಹಿಡಿದರೆ ಚಿಕ್ಕಮ್ಮ, ಮೂರು ಒತ್ತಿ ಹಿಡಿದರೆ ನಾನು ಎಂದು ಹೇಳಿಕೊಟ್ಟೆ. "ಸುಶೀಲನಿಗೆ ನಂಬರು ಕೊಡ್ಲಿಕ್ಕೆ ಅವಳೇನು ರೇಷನ್ ಅಂಗಡಿ ಕ್ಯೂವಲ್ಲಿ ನಿಂತಿದ್ದಾಳಾ?" ಎಂದಳು ಅಮ್ಮ.

ಹಾಗಾಗಿ ನಾನೇ ಒಂದು ಪ್ರೋಗ್ರಾಂ ಬರೆದೆ. ಕನ್ನಡದ ಒಂದೊಂದು ಅಕ್ಷರವನ್ನೂ ಚುಕ್ಕಿ ಇಟ್ಟು ರಂಗೋಲಿ ಹಾಕಿದಂತೆ ಚಿತ್ರವಾಗಿ ಬಿಡಿಸಿದೆ. ಅಮ್ಮನ ಕಣ್ಣಿಗೆ ಕಾಣುವಷ್ಟು ದೊಡ್ಡದಾಗಿ, ಪರದೆಗೆ ಒಂದೇ ಹೆಸರು; ಗುಂಡಿ ಒತ್ತುತ್ತ ಹೋದಂತೆ ಒಂದರ ಹಿಂದೊಂದು ಬರುತ್ತಿತ್ತು, ಎಲ್ಲಕ್ಕಿಂತ ಮೊದಲು ಚಿಕ್ಕಮ್ಮನದು. ಇಡೀ ವರ್ಣಮಾಲೆಗೆ ಜಾಗವಿರಲಿಲ್ಲವಾದ್ದರಿಂದ ಬೇಕಾದ ಹತ್ತು ಹೆಸರಿಗೆ ಬೇಕಾದ ಅಕ್ಷರಗಳನ್ನಷ್ಟೇ ಬಿಡಿಸಿದೆ. ಸುಶೀಲಾ, ಉಡುಪಿಯ ನೆರೆಮನೆಯ ಮಾಲತಿ, ಮೋಹನ, ಹೀಗೆ. ಮೋಹನ ಎಂದರೆ ನಾನು. ಬೇಕಾದ ಹೆಸರು ಬಂದಾಗ ಕರೆಯ ಗುಂಡಿ ಒತ್ತಿದರೆ, ಕರೆ ಮಾಡಲು ಅನುಮತಿ ಉಂಟೇ ಎಂದು ಫೋನು ಪ್ರತಿಸಲವೂ ಇಂಗ್ಲಿಷಿನಲ್ಲಿ ಕೇಳುತ್ತಿತ್ತು. ಅದನ್ನು ತೆಗೆಯಲು ನನ್ನಿಂದ ಆಗಲಿಲ್ಲ. ಅರ್ಥ ಹೇಳಿದಾಗ ಅಮ್ಮನಿಗೆ ಅದು ತಪ್ಪೆಂದು ತೋರಲೇ ಇಲ್ಲ. "ಪಾಪ, ಕೇಳಿಯೇ ಮಾಡ್ತದೆ. ನಿನ್ನ ಹಾಗಲ್ಲ" ಎಂದಳು.

ಮರುವರ್ಷ ಮಗಳು ಹುಟ್ಟಿದಳು. ಶೈಲಾ ಕ್ಷಿತಿಜಾ ಎಂದು ಹೆಸರು ಆರಿಸಿಟ್ಟಿದ್ದಳು. ಅಮ್ಮ ನನ್ನನ್ನು ಕರೆದು, ಅದು ಫೋನಿನಲ್ಲಿ ಬರುತ್ತದೆಯೋ ಎಂದು ವಿಚಾರಿಸಿದಳು. ಕ್ಷಿ ಇಲ್ಲ, ಜಾ ಇಲ್ಲ, ಮೇಲೆ ಒತ್ತಕ್ಷರ ಬೇರೆ. ಸುಶೀಲಾಳ ಸು, ಮಾಲತಿಯ ಮಾ ತೆಗೆದುಕೊಂಡು ಮಗುವಿಗೆ ಸುಮಾ ಎಂದು ನಾಮಕರಣವಾಯಿತು. ಯಾರೋ ದೂರದ ಬಂಧುವಿನ ಹೆಸರು ತೆಗೆದು ಮೊಮ್ಮಗಳಿಗೆ ಜಾಗ ಮಾಡಿದೆವು. ನಕ್ಷತ್ರ ನೋಡಿ, ಗುರುಗಳನ್ನು ಕೇಳಿ ಹೆಸರಿಡುವವರುಂಟು. ಫೋನಿನ ಅನುಕೂಲ ನೋಡಿ ಇಟ್ಟವರು ನಾವೇ ಇರಬೇಕು. ಈಗ ಕಾಲೇಜಿಗೆ ಹೋಗುವ ಸುಮಾ, "ಪಪ್ಪಾ, ಮೆಮೊರಿ ಇಲ್ಲ ಅಂತ ನನ್ನ ನೇಮ್ ಚೇಂಜ್ ಮಾಡಿದ್ರಿ? ಸೀರಿಯಸ್ಲಿ?" ಎಂದು ಗೆಳತಿಯರ ಮುಂದೆಯೇ ಕೇಳುತ್ತಾಳೆ.

ಹೋದ ವರ್ಷ ಸುಶೀಲಾ ಚಿಕ್ಕಮ್ಮ ತೀರಿಕೊಂಡಳು. ಅಮ್ಮ ಎಲ್ಲರೆದುರು ಅಳಲಿಲ್ಲ. ಸೂರತ್ತಿನಿಂದ ಬಂದ ಮರುದಿನ ಮಧ್ಯಾಹ್ನ ಅದೇ ಗುಂಡಿ ಒತ್ತಿ, ಸುಶೀಲಾ ಎಂಬ ಹೆಸರು ಬಂದ ಕೂಡಲೇ ಕರೆ ಮಾಡಿದಳು. ಚಿಕ್ಕಮ್ಮನ ಫೋನು ಈಗ ಹೋಟೆಲಿನ ಗಲ್ಲಾದ ಮೇಲಿತ್ತು. ಚಿಕ್ಕಪ್ಪ ಎತ್ತಿ, "ಊಟ ಆಯ್ತಾ ಅತ್ತಿಗೆ?" ಎಂದರು. "ಆಯ್ತು ರಾಯ್ರೇ, ನಿಮ್ಮದು?" ಎಂದಳು ಅಮ್ಮ. ಆಮೇಲೆ ಇಬ್ಬರೂ ಸುಮಾರು ಹೊತ್ತು ಸುಮ್ಮನಿದ್ದು ಫೋನು ಇಟ್ಟರು. ಅದೇ ದಿನಾ ನಡೆಯಿತು. ಮಾತಾಡದೆ ಇರುವುದಕ್ಕೂ ದುಡ್ಡು ಹೋಗುತ್ತದಲ್ಲ ಎಂದು ನನ್ನ ಹಾಳು ಬುದ್ಧಿ ಮೊದಲು ಯೋಚಿಸಿತು. ಆಮೇಲೆ ಹೋಗಿ ಅಮ್ಮನ ಫೋನಿಗೆ ಕರೆನ್ಸಿ ಹಾಕಿಸಿ ಬಂದೆ.

ಈ ವರ್ಷ ಅಮ್ಮನ ಹೃದಯ ದುರ್ಬಲವಾಗಿದೆಯೆಂದು ತಿಳಿಯಿತು. ಎದೆ ನೋವು ಬಂದರೆ ತಡಮಾಡದೆ ತನಗೆ ಫೋನು ಮಾಡಬೇಕು ಎಂದರು ಡಾಕ್ಟರು. ಹೊಸ ಫೋನಿನ ಗಾಜನ್ನು ಎಷ್ಟು ಮುಟ್ಟಿದರೂ ಅಮ್ಮನ ಸವೆದ ಬೆರಳಿಗೆ ಅದು ಓಗೊಡಲಿಲ್ಲ. ಈಗಿನ ಗುಂಡಿ ಫೋನುಗಳಲ್ಲಿ ನನ್ನ ಹಳೆಯ ಪ್ರೋಗ್ರಾಂ ಓಡಲಿಲ್ಲ. ಇದ್ದ ಫೋನಿನಲ್ಲೇ ಡಾಕ್ಟರಿಗೆ ಜಾಗ ಮಾಡಬೇಕು, ಎಂದರೆ ಯಾರನ್ನೋ ತೆಗೆಯಬೇಕು. ನಾನು ಮೆಲ್ಲಗೆ ಸುಶೀಲಾ ಚಿಕ್ಕಮ್ಮನ ಹೆಸರು ಎತ್ತಿದೆ.

ಅಮ್ಮ ಬಿಡಿಸುತ್ತಿದ್ದ ಬೆಳ್ಳುಳ್ಳಿಯನ್ನು ತಟ್ಟೆಗೆ ಹಾಕಿ ನನ್ನ ಮುಖ ನೋಡಿದಳು. "ನಿನ್ನ ಹೆಸರು ತೆಗಿ ಮಾರಾಯ. ನೀನು ಇಲ್ಲೇ ಇದ್ದಿಯಲ್ಲ, ಕರೆದ್ರೆ ಕೇಳ್ತದೆ. ಅವಳು ಎಲ್ಲಿದ್ದಾಳೆ? ಎದುರಿಗೆ ಇಲ್ಲದವರಿಗೆ ಅಲ್ವಾ ಫೋನು?"

ಅಟ್ಟದಿಂದ ಹಳೆಯ ಕಂಪ್ಯೂಟರನ್ನು ಇಳಿಸಿ, ಮೋಹನನನ್ನು ಅಳಿಸಿ, ಡಾಕ್ಟರ್ ಎನ್ನುವಷ್ಟು ಜಾಗವಿಲ್ಲದೆ ವೈದ್ಯ ಎಂದು ಬರೆದೆ. ಶೈಲಾ ನಕ್ಕಳು, ನಾನೂ ನಕ್ಕೆ. ಒಳಗೆ ಮಾತ್ರ, ಹೆತ್ತ ತಾಯಿಯ ಫೋನಿನಿಂದ ಹೊರಬಿದ್ದೆನಲ್ಲ ಎಂದು ಚಿಕ್ಕ ಮಕ್ಕಳಂತೆ ಬೇಸರವಾಗಿತ್ತು.

ಮಳೆಗಾಲದಲ್ಲಿ ಒಂದು ದಿನ ನಾನು ಅಹಮದಾಬಾದಿಗೆ ಹೋಗಿದ್ದೆ. ಅಲ್ಲಿ ವಟ್ವಾದ ಬಣ್ಣದ ಕಾರ್ಖಾನೆಯೊಂದರಲ್ಲಿ ನಮ್ಮ ಕೈಯಂತ್ರ ಕೆಟ್ಟಿತ್ತು. ಶೈಲಾ ಶಾಲೆಯಲ್ಲಿ ಪಾಠ ಮಾಡುತ್ತಿದ್ದಳು, ಸುಮಾ ಕಾಲೇಜಿನಲ್ಲಿದ್ದಳು. ಸೂರತ್ತಿನಿಂದ ಚಿಕ್ಕಪ್ಪನ ಫೋನು ಬಂತು. "ಮೋಹನಾ, ಅತ್ತಿಗೆಗೆ ಉಸಿರು ಕಟ್ತಾ ಉಂಟಂತೆ. ಬೇಗ ಯಾರನ್ನಾದ್ರೂ ಕಳ್ಸು" ಎಂದರು. ನಮ್ಮ ಬೀಗದ ಕೈ ಇಟ್ಟುಕೊಂಡಿದ್ದ ಪಕ್ಕದ ಮನೆಯ ಜಯಶ್ರೀಬೆನ್‌ಗೆ ಫೋನು ಮಾಡಿದೆ. "ಚಿಂತಾ ನಾ ಕರೋ ಮೋಹನ್‌ಭಾಯ್" ಎನ್ನುತ್ತಲೇ ಅವರು ಮೆಟ್ಟಿಲು ಇಳಿಯುತ್ತಿದ್ದದ್ದು ಕೇಳಿಸಿತು. ಅಮ್ಮನನ್ನು ಆಸ್ಪತ್ರೆಗೆ ಸೇರಿಸಿದವರು ಅವರೇ.

ನಾನು ತಲುಪಿದಾಗ ಅಮ್ಮನಿಗೆ ಎಚ್ಚರವಿತ್ತು. "ವೈದ್ಯ ಅಂತ ಬರ್ದು ಕೊಟ್ಟಿದ್ದೆನಲ್ಲ ಅಮ್ಮ, ಕಾಣ್ಲಿಲ್ವಾ?" ಎಂದೆ.

"ಕಂಡ್ತು" ಎಂದಳು ಅಮ್ಮ. "ಅದಕ್ಕೂ ಮುಂಚೆ ಸುಶೀಲ ಬಂದಳು. ಅವಳಿಗೆ ಹೇಳದೆ ನಾನು ಯಾವತ್ತು ಎಲ್ಲಿಗೆ ಹೋಗಿದ್ದೇನೆ?"

ಮರುದಿನ ಬೆಳಿಗ್ಗೆ ಅಮ್ಮ ತೀರಿಕೊಂಡಳು. ನನ್ನ ಹೆಸರಿದ್ದಿದ್ದರೆ ನನಗೆ ಮಾಡುತ್ತಿದ್ದಳೇ ಎಂದು ಬಹಳ ದಿನ ಯೋಚಿಸಿದೆ. ಮಾಡುತ್ತಿರಲಿಲ್ಲ. ಅದು ಗೊತ್ತಾದ ಮೇಲೂ ದುಃಖ ಕಡಿಮೆಯಾಗಲಿಲ್ಲ.

ವೈಕುಂಠ ಸಮಾರಾಧನೆ ಮುಗಿಸಿ ಹೊರಟಾಗ ಚಿಕ್ಕಪ್ಪ ಬಾಗಿಲಲ್ಲಿ ನಿಂತು, "ಇನ್ನು ಊಟದ ಹೊತ್ತು ಮುಗಿದ್ಮೇಲೆ ಎಂತ ಮಾಡುದು ಅಂತ ಗೊತ್ತಾಗುದಿಲ್ಲ ಮಾರಾಯ" ಎಂದರು. ಅದಕ್ಕೇ ಈಗ ಮಧ್ಯಾಹ್ನ ನಾನು ಫೋನು ಮಾಡುತ್ತೇನೆ. ಮೊದಲು ನನ್ನ ಫೋನಿನಿಂದ ಮಾಡಿ ನೋಡಿದೆ. "ಎಂತ ಮೋಹನಾ, ಏನಾದ್ರೂ ಕೆಲಸ ಇತ್ತಾ?" ಎಂದು ಕೇಳಿ ಎರಡೇ ಮಾತಿಗೆ ಇಟ್ಟುಬಿಟ್ಟರು. ಅಮ್ಮನ ಫೋನಿನಿಂದ ಮಾಡಿದರೆ, ನಾನೆಂದು ಗೊತ್ತಿದ್ದೂ, "ಊಟ ಆಯ್ತಾ ಅತ್ತಿಗೆ?" ಎನ್ನುತ್ತಾರೆ. ಆ ಫೋನಿನಿಂದ ಮೋಹನನನ್ನು ನಾನೇ ಕೈಯಾರೆ ಅಳಿಸಿದ್ದೇನೆ. ನಾನು ಅತ್ತಿಗೆಯಲ್ಲ ಎಂದು ತಕರಾರು ತೆಗೆಯಲು ಯಾವ ಮುಖ? "ಆಯ್ತು ರಾಯ್ರೇ, ನಿಮ್ಮದು?" ಎನ್ನುತ್ತೇನೆ.