ಗಿಡಕ್ಕಿಟ್ಟ ನೀಲಿ ದೀಪ

ನಮ್ಮ ಮನೆತನ ದಾವಣಗೆರೆಯಲ್ಲಿ ನಾಲ್ಕು ತಲೆಮಾರಿನಿಂದ ಮರ್ಯಾದೆಯಿಂದ ಬಾಳಿದೆ. ಮಾವನವರು ಜಗಲಿಯಲ್ಲಿದ್ದರೆ ಬೀದಿಯವರು ದನಿ ತಗ್ಗಿಸಿ ಮಾತಾಡುತ್ತಿದ್ದರು. ನಾನು ಕಾನ್ವೆಂಟಿನಲ್ಲಿ ಓದಿದವಳು. ನಗೆಪಾಟಲಾಗುವುದೆಂದರೆ ನನಗೆ ಸಾವಿಗಿಂತ ಭಯ. ಆದರೂ ಒಳಕೋಣೆಯ ಗಿಡಗಳಿಗೆ ದೀಪ ಇಟ್ಟಾಗಿನಿಂದ ಒಂದಲ್ಲ ಒಂದು ನಡೆಯುತ್ತಲೇ ಇದೆ.

೧. ಹಾಲಿನವನು

ಬೆಳಕು ಸಾಲದೆ ಗಿಡಗಳು ಸಣಕಲಾಗಿ ಕಿಟಕಿಯತ್ತ ಕತ್ತು ಚಾಚಿದ್ದವು. ಮಗಳು ನೀಲಿ ದೀಪ ತಂದು, ಅವುಗಳ ಮೇಲೆ ಒಂದು ಗೇಣು ಎತ್ತರದಲ್ಲಿ ಕಟ್ಟಿದಳು. ಪರದೆಯೆಲ್ಲ ನೀಲಿ. ಹಾಲಿನವನು ಅದೇನೆಂದು ಕೇಳಿದ. ಉದ್ದ ಬೆಳೆಯದೆ ಗಿಡ್ಡಗೆ, ದಟ್ಟವಾಗಿ ಇರಲೆಂದು ಇಟ್ಟಿದ್ದೇವೆ ಎಂದೆ. ಮರುದಿನ ತಲೆ ಕೆರೆಯುತ್ತ ನಿಂತ.

"ಅಮ್ಮಾರೆ, ನಮ್ ಮಗಳು ಭಾಳ ಉದ್ದ ಆಗ್ಯಾಳ್ರಿ, ಗಂಡು ಸಿಗವಲ್ದು. ಎರಡು ದಿನ ಅದರ ಕೆಳಗ ಕೂಡಿಸ್ಲೇನ್ರಿ?"

೨. ಕೆಲಸದಾಕೆ

ಕೆಲಸದಾಕೆ ಆ ಕೋಣೆ ಗುಡಿಸಲು ಒಪ್ಪಲಿಲ್ಲ. ಹೆದರಿಕೆಯಂತೆ. ವಿದ್ಯಾವಂತರ ಮನೆಯಲ್ಲಿ ಇದೆಂಥ ಮೂಢನಂಬಿಕೆ ಎಂದು ಗದರಿಸಿ, ನಾನೇ ಪೊರಕೆ ಹಿಡಿದು ಒಳಗೆ ಹೋದೆ. ಕಪಾಟಿನ ಕನ್ನಡಿಯಲ್ಲಿ ನೀಲಿಗಟ್ಟಿದ ಹೆಣವೊಂದು ಪೊರಕೆ ಹಿಡಿದು ನಿಂತಿತ್ತು. ಈಗ ಇಬ್ಬರೂ ಸೇರಿಯೇ ಗುಡಿಸುತ್ತೇವೆ.

೩. ಪಕ್ಕದ ಮನೆಯಾಕೆ

ಮಗಳನ್ನು ಮೆಚ್ಚಿದ ಹರಿಹರದವರು ಭಾನುವಾರ ಮದುವೆಯ ಮಾತು ಮುಗಿಸಲು ಬಂದಿದ್ದರು. ಕಾಫಿ ಕೊಡುವಾಗಲೇ ಪಕ್ಕದ ಮನೆಯ ನಿವೃತ್ತ ನರ್ಸ್ ಡಬ್ಬಿ ತುಂಬ ಅಂಟಿನುಂಡೆ ಹಿಡಿದು ಬಂದರು.

"ಬಾಣಂತಿ ಎಲ್ಲಿ ಮಲಗ್ಯಾಳ್ರಿ? ಕೂಸಿನ ಕಾಮಾಲೆ ಇಳೀತಾ?"

ಗಂಡಿನ ತಾಯಿ ಲೋಟ ಕೆಳಗಿಟ್ಟು ನನ್ನ ಮಗಳನ್ನು ನೋಡಿದರು. ಈ ಮನೆಯಲ್ಲಿ ಕೂಸೇ ಇಲ್ಲ ಎಂದೆ.

"ಮುಚ್ಚಿಡಬ್ಯಾಡ್ರಿ. ಮೂವತ್ತು ವರ್ಷ ಕಾಮಾಲೆ ಕೂಸುಗಳನ್ನ ನೀಲಿ ಲೈಟಿನಾಗ ಮಲಗಿಸೀನಿ. ನನಗ ಗೊತ್ತಾಗಲ್ಲೇನ್ರಿ?"

ಎಲ್ಲರನ್ನೂ ಕರೆದೊಯ್ದು ಕೋಣೆಯ ಬಾಗಿಲು ತೆರೆದೆ. ದೀಪದಡಿ ಬೆಂಚಿನ ಮೇಲೆ ಆರು ಕುಂಡಗಳು ಸಾಲಾಗಿದ್ದವು. ನರ್ಸ್ ಬಗ್ಗಿ ಬೆಂಚಿನ ಕೆಳಗೂ ನೋಡಿ, ನನ್ನ ಕಿವಿಯ ಹತ್ತಿರ ಬಂದು, ಹರಿಹರದವರಿಗೆಲ್ಲ ಕೇಳುವಂತೆ ಪಿಸುಗುಟ್ಟಿದರು:

"ಚಲೋ ಮಾಡಿದ್ರಿ. ಇವರು ಹೋಗೋತನಕ ಕೂಸು ಬ್ಯಾರೆ ಕಡೆ ಇರ್ಲಿ."

ಹರಿಹರದವರು ಯೋಚಿಸಿ ಹೇಳುತ್ತೇವೆಂದು ಎದ್ದರು. ಫೋನ್ ಇನ್ನೂ ಬಂದಿಲ್ಲ. ಖಾಲಿ ಡಬ್ಬಿ ಹಿಂದಿರುಗಿಸುವ ಪದ್ಧತಿ ನಮ್ಮ ಮನೆತನದಲ್ಲಿಲ್ಲ; ನರ್ಸ್ ತಂದಿದ್ದ ಡಬ್ಬಿಗೆ ಸಕ್ಕರೆ ತುಂಬಿಸಿ ಕಳಿಸಿದ್ದೇನೆ. ಆದರೆ ಆಕೆ ಹರಿಹರಕ್ಕೆ ಹೋಗಿ, ಅವರೆಲ್ಲರ ಎದುರು ನನ್ನ ಮಗಳ ಕ್ಷಮೆ ಕೇಳಬೇಕು.