ಥಂಡಿಗೆ ಹಿಡಿದ ಬ್ರೇಕು

ಮಾರುವ ಎಮ್ಮೆಯ ಮೈ ತೊಳೆದು, ಕೊಂಬಿಗೆ ಎಣ್ಣೆ ಹಚ್ಚಿ ನಿಲ್ಲಿಸುವುದು ಗೋಗಿ ಊರಿನ ಪದ್ಧತಿ. ಹೆಂಡತಿ ಮೋನಮ್ಮ ಹೇಳಿದಳೆಂದು ಖಂಡಪ್ಪ ತನ್ನ ತಂದೆಯ ಕಾಲದ ಬಿಳಿ ಕಾರಿಗೂ ಅದೇ ಉಪಚಾರ ಮಾಡಿದ. ಸಂಜೆ ಗಾಲಿಯ ಸಂದಿಗೆಲ್ಲ ನೀರು ಹೊಡೆದು ತೊಳೆದು, ರೂಢಿಯಂತೆ ಹ್ಯಾಂಡ್ ಬ್ರೇಕು ಬಿಗಿಯಾಗಿ ಎಳೆದಿಟ್ಟು ಮಲಗಿದ. ರಾತ್ರಿ ಪುಷ್ಯದ ಚಳಿ ಬಿತ್ತು.

ಬೆಳಿಗ್ಗೆ ಬ್ರೇಕು ಇಳಿಸಿ ಗೇರು ಹಾಕಿದರೆ ಎಂಜಿನ್ನು ಗುಡುಗಿತು, ಕಾರು ಕದಲಲಿಲ್ಲ. ಹಟಮಾರಿ ಎತ್ತಿನಂತೆ ಹಿಂಗಾಲು ಊರಿ ನಿಂತಿತ್ತು.

ಖಂಡಪ್ಪ ಇಳಿದು ಹಿಂದಿನ ಗಾಲಿ ಮುಟ್ಟಿ ನೋಡಿದ. ರೋಗ ಹಳೆಯದೇ. ಒದ್ದೆ ಬ್ರೇಕಿನ ಲೈನರು ಥಂಡಿಗೆ ಡ್ರಮ್ಮನ್ನು ಕಚ್ಚಿಕೊಂಡಿತ್ತು. ಮದ್ದೂ ಗೊತ್ತಿತ್ತು. ತಂದೆ ಶಿವನಾಮ ಹೇಳುತ್ತ ಕಟ್ಟಿಗೆಯ ಕೊಡತಿಯಿಂದ ಡ್ರಮ್ಮಿಗೆ ಎರಡು ಪೆಟ್ಟು ಕೊಟ್ಟು, ಗಾಡಿಯನ್ನು ಹಿಂದಕ್ಕೊಮ್ಮೆ ಮುಂದಕ್ಕೊಮ್ಮೆ ಜಗ್ಗಿಸಿದರೆ ಸಾಕು, ಬಿಟ್ಟುಕೊಳ್ಳುತ್ತಿತ್ತು.

ಆದರೆ ಗಂಡಹೆಂಡಿರ ನಡುವೆ ಒಂದು ಮಾತಾಗಿತ್ತು. ಇವತ್ತು ಬರುವವರು ಒಪ್ಪಿದರೆ ಕಾರು ಕೊಟ್ಟುಬಿಡುವುದು. ಒಪ್ಪದಿದ್ದರೆ ಮಾರುವ ಸುದ್ದಿಯನ್ನೇ ಮೋನಮ್ಮ ಮತ್ತೆ ಎತ್ತಬಾರದು. ಕದಲದ ಕಾರನ್ನು ಯಾರು ಒಪ್ಪುತ್ತಾರೆ? ದೇವರೇ ಬ್ರೇಕು ಹಿಡಿದಿದ್ದಾನೆ ಎಂದುಕೊಂಡು ಖಂಡಪ್ಪ ಮನಸ್ಸಿನಲ್ಲೇ ಕೈಮುಗಿದ. ಸುಳ್ಳು ಹೇಳುವುದು ಪಾಪ, ನಿಜ. ಕೇಳದ್ದನ್ನು ಹೇಳದಿರುವುದು ಪಾಪವೆಂದು ಅವನು ಯಾವ ಪುರಾಣದಲ್ಲೂ ಕೇಳಿರಲಿಲ್ಲ.

ಓಣಿ ಸುಮ್ಮನಿರಬೇಕಲ್ಲ!

“ಯಾಕ ಖಂಡಪ್ಪಣ್ಣಾ, ಗಾಡಿ ಒದರಾಕತ್ತದ?” ಎನ್ನುತ್ತ ಪಕ್ಕದ ಮನೆಯ ಮಜೀದಾ ಬಿಸಿನೀರಿನ ಕೊಡ ಹೊತ್ತು ಬಂದಳು. “ಥಂಡಿ ಆಗ್ಯದ ನೋಡ್ರಿ. ಶಹಾಪುರ ದವಾಖಾನಿ ಮುಟ್ಟೋದ್ರಾಗ ನನ್ನ ರುಕ್ಸಾನಾ ಇದ್ರಾಗ ಹುಟ್ಟ್ಯಾಳ. ಇದಕ್ಕ ನಾ ಇಷ್ಟರೆ ಮಾಡಬಾರ್ದಾ?”

“ನೀರು ಹಾಕಬ್ಯಾಡ ಬೇ, ಶೀತ ಆಗ್ತದ!” ಎದುರು ಮನೆಯ ಮುದುಕಿ ಮರಿಲಿಂಗಮ್ಮ ಕೌದಿ ಮತ್ತು ಕೆಂಡದ ಶೇಗಡಿ ಹಿಡಿದು ಬಂದಳು. “ಹೊಚ್ಚಿ ಕಾವು ಕೊಡ್ರಿ. ವನದುರ್ಗದಿಂದ ಮದುಮಗಳಾಗಿ ಇದ್ರಾಗ ಬಂದಾಕಿ ನಾ. ಬಾಗಿಲಾ ತಗಿಯಾಕ ಬರದ ಒಳಗ ಕುಂತಿದ್ದೆ. ಮಂದಿ ಸೊಸಿಗೆ ಭಾಳ ನಾಚಿಕಿ ಅಂದ್ರು!”

ಇಬ್ಬರೂ ಸೇರಿ ಬಾನೆಟ್ಟಿಗೆ ಕೌದಿ ಹೊದಿಸಿ, ಬಾಣಂತಿಗೆ ಕೊಟ್ಟಂತೆ ಮೂತಿಗೆ ಕಾವು ಕೊಟ್ಟರು. ರೋಗ ಹಿಂಗಾಲಿಗೆ, ಉಪಚಾರ ತಲೆಗೆ. ಖಂಡಪ್ಪ ನೆಮ್ಮದಿಯಿಂದ ನೋಡುತ್ತ ನಿಂತ. ಮಜೀದಾ ಕೊಡ ಎತ್ತಿಕೊಂಡು ಹಿಂದಿನ ಗಾಲಿಯತ್ತ ನಡೆದಾಗ ಮಾತ್ರ, ಬಿಸಿನೀರು ಬಿದ್ದರೆ ಬ್ರೇಕು ಬಿಟ್ಟೀತೆಂದು ಓಡಿ ಅಡ್ಡ ಬಂದ.

“ತಂಗೀ, ಆ ನೀರಿಗೆ ಚಾಪುಡಿ ಹಾಕಿಬಿಡವಾ! ಬರೋರಿಗೆ ಚಾ ಆಗ್ತದ!”

“ಗಾಡಿ ಸಾಯಾಕತ್ತದ, ಇವಗ ಚಾದ ಚಿಂತಿ!” ಎಂದಳು ಮರಿಲಿಂಗಮ್ಮ.

ಕೊನೆಗೆ ಓಣಿಯ ಮಂದಿಯೆಲ್ಲ ಸೇರಿ ಹಿಂದಿನಿಂದ ನೂಕಿದರು. ಖಂಡಪ್ಪನೂ ಭಕ್ತಿಯಿಂದ ನೂಕಿದ, ಮುಂದಿನಿಂದ.

“ರೀ, ಅತ್ತಾಗಿಂದ ನೂಕಬೇಕ್ರಿ!” ಮೋನಮ್ಮ ಕೂಗಿದಳು.

“ಹೌದೇನ? ಮಂಜಿನಾಗ ದಿಕ್ಕ ತಪ್ಪಿತು ನೋಡು.”

ಅಂಗೈಗೆ ಬಾನೆಟ್ಟು ಬೆಚ್ಚಗೆ ತಾಗಿತು. ಎಳ್ಳಮಾವಾಸ್ಯೆ ಬಂದರೆ ಇಡೀ ಓಣಿಯ ಕಾಳು ಸೊಪ್ಪಿನ ಭಜ್ಜಿಪಲ್ಯದ ಗಡಿಗೆ, ಸಜ್ಜೆ ರೊಟ್ಟಿಯ ಬುಟ್ಟಿಗಳು ಇದರಲ್ಲೇ ಹೊಲಕ್ಕೆ ಹೋಗುತ್ತಿದ್ದವು. ಗಡಿಗೆ ತುಳುಕದಂತೆ ತಂದೆ ದೇವರನ್ನು ಹೊತ್ತವರ ಹಾಗೆ ಮೆಲ್ಲಗೆ ನಡೆಸುತ್ತಿದ್ದರು. ತಡೆದು ತಡೆದು ಹೋದರೂ ಸೀಟಿಗೆ ಭಜ್ಜಿ ಚೆಲ್ಲುತ್ತಿತ್ತು. ಆ ವಾಸನೆ ಇನ್ನೂ ಹೋಗಿರಲಿಲ್ಲ.

ಅಷ್ಟರಲ್ಲಿ ಕೊಳ್ಳುವವರು ಬಂದರು. ನಾರಾಯಣಪುರದ ದಾರಿಯಲ್ಲಿ ಹೊಸ ಖಾನಾವಳಿ ತೆರೆದಿದ್ದ ಬಸವಂತ್ರಾಯರು.

“ಖರೆ ಹೇಳ್ತೇನ್ರಿ ಸಾಹುಕಾರ್ರ,” ಖಂಡಪ್ಪ ಧರ್ಮರಾಯನ ಮುಖ ಮಾಡಿಕೊಂಡ. “ಬ್ರೇಕ್ ಹಿಡದದ. ಗೇಣು ಸುದ್ದಾ ಸರಿಯಂಗಿಲ್ಲ.”

ಬಸವಂತ್ರಾಯರು ಭುಜ ಕೊಟ್ಟು ನೂಕಿ ನೋಡಿದರು. ಅವರ ಮುಖ ಅರಳಿತು.

“ಯಪ್ಪಾ, ನನಗ ಬೇಕಾಗಿದ್ದು ಇಂಥಾದ್ದ! ಖಾನಾವಳಿ ಮುಂದ ದಿಬ್ಬದ ಮ್ಯಾಲ ನಿಲ್ಲಸ್ತೇನ್ರಿ. ಸಣ್ಣ ಹುಡುಗ್ರು ಒಳಗ ಕುಂತು ಐಸ್‌ಕ್ರೀಮ್ ತಿನ್ನಾಕ. ಎಲ್ಲಿ ಉರುಳತದೋ ಅಂತ ಅಂಜಿದ್ದೆ. ನನ್ನ ಒಪ್ಪಿಗಿ ಅದರಿ!”

ಖಂಡಪ್ಪನ ಲೆಕ್ಕ ತಲೆಕೆಳಗಾಯಿತು. ಒಳಗೆ ಓಡಿ ಕೊಡತಿ ತಂದು ಡ್ರಮ್ಮಿಗೆ ಎರಡು ಪೆಟ್ಟು ಹಾಕಿ, ಕಾರಿನಲ್ಲಿ ಹಾರಿ ಕುಳಿತು ಹಿಂದಕ್ಕೆ ಮುಂದಕ್ಕೆ ಜಗ್ಗಿಸಿದ. ಟಣ್ಣೆಂದು ಗಾಲಿ ಬಿಟ್ಟಿತು. ಕೌದಿ ಹೊದ್ದ ಕಾರು ಅಂಗಳ ಸುತ್ತಿ ಬಂತು.

“ನೋಡ್ರಿ, ಓಡ್ತದ! ಉರುಳ್ತದ! ತೊಳದು ಬ್ರೇಕ್ ಎಳದಿಟ್ರ ಥಂಡಿಗೆ ಹಿಡೀತದ, ಎರಡು ಪೆಟ್ಟಿಗೆ ಬಿಡ್ತದ! ಮಕ್ಕಳಿಗೆ ಭಾಳ ಧೋಕಾ ಅದರಿ!”

ಮಜೀದಾ ಕೊಡ ನೋಡಿಕೊಂಡಳು.

“ಹಂಗಾರ ಮುಂಜಾನಿಂದ ನಿಮಗ ಗೊತ್ತಿತ್ತೇನ್ರಿ?” ಮೋನಮ್ಮ ಸಣ್ಣ ದನಿಯಲ್ಲಿ ಕೇಳಿದಳು.

ಬಸವಂತ್ರಾಯರು ಮಾತ್ರ ಬಾಯಿ ತುಂಬ ನಕ್ಕರು. “ಭಾಳ ಚಲೋ ಆತು. ಟ್ರ್ಯಾಕ್ಟರ್ ಹಚ್ಚಿ ಎಳಸೋದು ತಪ್ಪಿತು. ನೀವ ನಡಸ್ಕೋತ ಬರ್ರಿ. ದಿಬ್ಬದ ಮ್ಯಾಲ ನಿಲ್ಲಿಸಿ, ಮುಂಜಾನಿ ಹ್ಯಾಂಗ ಹಿಡಿಸಿದ್ರಿ, ಹಂಗ ಹಿಡಿಸಿ ಕೊಟ್ಟು ಬಸ್ಸಿಗೆ ಬಂದುಬಿಡ್ರಿ. ಈ ಕೆಲಸ ನಿಮ್ಮಂಗ ಬ್ಯಾರೆ ಯಾರಿಗೆ ಬರ್ತದ?”

ಕೊಟ್ಟ ಮಾತು ಕೊಟ್ಟಿದ್ದೇ. ಖಂಡಪ್ಪ ಸ್ಟೇರಿಂಗಿನ ಮೇಲೆ ಹಣೆ ಇಟ್ಟ. ಪಕ್ಕದ ಬಾಗಿಲು ತೆರೆದು ಮೋನಮ್ಮ ಬಂದು ಕುಳಿತಳು. ಬೈಯುತ್ತಾಳೆಂದು ಅವನು ಕಾದ. ಅವಳು ಸೆರಗಿನ ತುದಿ ಅವನ ಕೈಗೆ ಕೊಟ್ಟಳು.

“ಮೊದಲ ಕಣ್ಣು ಒರಸ್ಕೋರಿ. ದಾರಿ ಕಾಣಬೇಕಲ್ಲ.”

ಕಾರು ಎಂದೂ ಇಲ್ಲದಷ್ಟು ಹಗುರಾಗಿ ನಾರಾಯಣಪುರದ ದಾರಿ ಹಿಡಿಯಿತು.