ಹೊಸ್ತಿಲು ದಾಟದ ಶೂಗಳು

ಬೇರೆಯವರ ಮನೆ ಜಗಲಿ ಮೇಲೆ ಸೊಪ್ಪು ಬಿಡಿಸ್ತಾರೆ, ಹೂ ಕಟ್ತಾರೆ, ಪಕ್ಕದ ಮನೆ ಸುದ್ದಿ ಮಾತಾಡ್ತಾರೆ. ನಮ್ಮನೆ ಜಗಲಿ ಮೇಲೆ ನಾನು ಊರವರ ಹಳೇ ಶೂ ತಿಕ್ಕುತ್ತಾ ಕೂತಿರ್ತೀನಿ. ಹಾಗೆ ಕೂತವಳಿಗೆ ತಿಂಗಳಿಗೊಂದಾದರೂ ನಗೆಪಾಟಲು ಆಗದೇ ಇರಲ್ಲ. ಕೆಲವು ಸಲ ಗಿರಾಕಿಗಳದ್ದು, ಬಹಳ ಸಲ ನನ್ನದೇ.

ನಾನು ಕೋಲಾರದ ಒಂದು ಶಾಲೆಯಲ್ಲಿ ಡ್ರಾಯಿಂಗ್ ಟೀಚರು. ಈ ಹುಚ್ಚು ಹತ್ತಿದ್ದು ಯಜಮಾನರ ಶೂನಿಂದ. ಬಿಳೀದು ಅಂತ ಕೊಂಡಿದ್ದು, ಎರಡು ವರ್ಷಕ್ಕೆ ರಾಗಿಮುದ್ದೆ ಬಣ್ಣಕ್ಕೆ ತಿರುಗಿತ್ತು. ಎಸೆಯೋಕೆ ಮನಸ್ಸಾಗದೆ ಹಳೇ ಟೂತ್‌ಬ್ರಷ್ ತಗೊಂಡು ತಿಕ್ಕಿದೆ, ಬಿಟ್ಟುಕೊಂಡ ಅಡಿಯ ಸೋಲು ಅಂಟಿಸಿದೆ, ಸವೆದ ಕಡೆ ಬಣ್ಣ ತುಂಬಿದೆ, ಪಕ್ಕದಲ್ಲಿ ಒಂದು ನವಿಲುಗರಿ ಬರೆದೆ. ಅದನ್ನ ಹಾಕಿಕೊಂಡು ಅವರು ಮಾಲೂರಿನ ಫ್ಯಾಕ್ಟರಿಗೆ ಹೋದರು. ಮಾರನೇ ದಿನ ಬರುವಾಗ ಚೀಲದಲ್ಲಿ ಮೂರು ಜೊತೆ ಹಳೇ ಶೂ. ಅಲ್ಲಿಂದಾಚೆಗೆ ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಎಲ್ಲ ಕಡೆಯಿಂದ ಬರ್ತಾನೇ ಇವೆ. ಯಜಮಾನರ ಶೂಗೆ ಮಾತ್ರ ಆಮೇಲೆ ಸರದಿ ಬಂದಿಲ್ಲ. ನವಿಲುಗರಿ ಅಳಿಸಿಹೋಗಿ, ಎಡಗಾಲಿನ ಹೆಬ್ಬೆರಳು ಆಚೆ ಇಣುಕಿ ನೋಡೋ ಹಾಗಾಯ್ತು. ಕೇಳಿದಾಗೆಲ್ಲ, ಮುಂದಿನ ವಾರ ಖಂಡಿತ ರೀ ಅಂತೀನಿ.

ನನ್ನ ಕಷ್ಟ ಒಂದೇ. ಹಾಲ್ ಪಕ್ಕದಲ್ಲಿ ಒಂದು ಪುಟ್ಟ ರೂಮಿದೆ, ಅದರಲ್ಲಿ ಹಳೇ ಹೊಲಿಗೆ ಮಿಷಿನ್ ಬಿಟ್ಟರೆ ಏನೂ ಇಲ್ಲ. ಆ ರೂಮು ನನಗೆ ಬೇಕು. ಜಗಲಿ ಮೇಲೆ ಬಣ್ಣ ಒಣಗೋದರೊಳಗೆ ಧೂಳು ಕೂತಿರುತ್ತೆ, ಮಳೆ ಬಂದರೆ ಎರಚಲು ಹೊಡೆಯುತ್ತೆ, ಒಂದೇ ಕೆಲಸ ಎರಡೆರಡು ಸಲ ಮಾಡಬೇಕು. ಆದರೆ ನಮ್ಮತ್ತೆಯ ಕಾನೂನು ಒಂದಿದೆ. ಶೂ ಅನ್ನೋದು ಹೊಸ್ತಿಲು ದಾಟಬಾರದು. ಲಕ್ಷ್ಮಿ ಬರೋ ಬಾಗಿಲಲ್ಲಿ ಯಾರ್ಯಾರದೋ ಕಾಲಿನ ಕೊಳೆ ಯಾಕಮ್ಮ ಅಂತಾರೆ. ತೊಳೆದ ಮೇಲೆ ಕೊಳೆ ಎಲ್ಲಿರುತ್ತೆ ಅತ್ತೆ ಅಂದೆ ಒಂದು ಸಲ. "ವದ್ದು ಅಂಟೇ ವದ್ದು" ಅಂದರು. ನಮ್ಮತ್ತೆ ಕನ್ನಡದಲ್ಲಿ ಬೇಡ ಅಂದರೆ ಇನ್ನೂ ಒಂದು ಮಾತು ಆಡಬಹುದು. ತೆಲುಗಿಗೆ ಇಳಿದರು ಅಂದರೆ ವಾದ ಮುಗಿದ ಹಾಗೆ.

೧. ಕಾಯಿ ಇರಬೇಕಿತ್ತು

ಟೊಮೇಟೊ ಮಾರ್ಕೆಟ್ಟಿನಲ್ಲಿ ಮಂಡಿ ಇಟ್ಟಿರೋರೊಬ್ಬರು ಬಂದರು. ಮಗಳು ಹುಟ್ಟುಹಬ್ಬಕ್ಕೆ ಬಿಳೀ ಶೂ ಕೊಡಿಸಿದ್ದಳಂತೆ. ಮಂಡಿ ಅಂದ ಮೇಲೆ ಕೆಸರು, ಕೊಳೆತ ಹಣ್ಣಿನ ರಸ, ಬಾಕ್ಸು ಕಾಲ ಮೇಲೆ ಬೀಳೋದು, ಎಲ್ಲ ಇದ್ದಿದ್ದೇ. ಶೂ ಮೇಲೆ ಆ ವರ್ಷದ ಬೆಳೆಯೆಲ್ಲ ಕಾಣ್ತಿತ್ತು. ಕಲೆ ಹೋಗದಿದ್ದರೆ ಅದರ ಮೇಲೆ ಟೊಮೇಟೊ ಚಿತ್ರಾನೇ ಬರೆದುಬಿಡಿ, ಹೇಗಿದ್ದರೂ ಹೊಟ್ಟೆಗೆ ಹಾಕೋದು ಅದೇ ಅಂದರು.

ನನಗೆ ಖುಷಿಯೋ ಖುಷಿ. ಮೂರು ದಿನ ಕೂತು ಬರೆದೆ. ಕೆಂಪಗೆ, ಗುಂಡಗೆ, ಮೇಲೆ ಹಸಿರು ತೊಟ್ಟು, ಬೆಳಕು ಬಿದ್ದ ಕಡೆ ಒಂದು ಬಿಳೀ ಚುಕ್ಕೆ. ಕಚ್ಚಿ ತಿನ್ನಬೇಕು ಅನ್ನಿಸೋ ಹಾಗಿತ್ತು. ಅವರು ಬಂದು ಶೂ ಕೈಗೆ ತಗೊಂಡು ತಿರುಗಿಸಿ ತಿರುಗಿಸಿ ನೋಡಿದರು. ಹೆಬ್ಬೆರಳಿಂದ ಒಂದು ಹಣ್ಣನ್ನ ಮೆಲ್ಲಗೆ ಒತ್ತಿ ಕೂಡ ನೋಡಿದರು. ಮುಖ ಅರಳಲಿಲ್ಲ.

"ಕೈ ಚೆನ್ನಾಗಿದೆ ಕಣಮ್ಮ" ಅಂದರು. "ಆದರೆ ಇಷ್ಟು ಹಣ್ಣಾಗಿದ್ದರೆ ಲಾರಿ ಡೆಲ್ಲಿ ಸೇರೋದರೊಳಗೆ ರಸ ಆಗೋಗುತ್ತೆ. ಸ್ವಲ್ಪ ಕಾಯಿ ಮಾಡಿ ಕೊಡು."

ತಮಾಷೆ ಮಾಡ್ತಿದಾರೆ ಅಂದುಕೊಂಡೆ. ಇಲ್ಲ, ಮನುಷ್ಯ ಗಂಭೀರವಾಗಿ ಹೇಳ್ತಿದ್ದ. ಇದನ್ನ ಹಾಕ್ಕೊಂಡು ಮಾರ್ಕೆಟ್ಟಿಗೆ ಹೋದರೆ ನಾಲ್ಕು ಜನ ವ್ಯಾಪಾರಿಗಳು ನಗಲ್ವಾ ಅಂತ ಅವರ ಚಿಂತೆ. ಒಂದೊಂದು ಹಣ್ಣಿಗೂ ತೊಟ್ಟಿನ ಕಡೆಯಿಂದ ಹಸಿರು ಬಣ್ಣ ಬಳಿದು, ಕೆಳತುದಿಯಲ್ಲಿ ಮಾತ್ರ ಕೆಂಪು ಬಿಟ್ಟೆ. ಎರಡನೇ ಸಲ ಬಂದಾಗ ಬಲಗಾಲಿನ ಹಣ್ಣು ದಪ್ಪ, ಎಡಗಾಲಿಂದು ಗೋಲಿ, ಒಂದೇ ಬಾಕ್ಸಿಗೆ ಹಾಕೋಕೆ ಆಗಲ್ಲ ಅಂದರು. ಅದನ್ನೂ ಸರಿಮಾಡಿದ ಮೇಲೆ ಸಂತೋಷಪಟ್ಟು ಒಂದು ಬಾಕ್ಸ್ ಟೊಮೇಟೊ ಕಳಿಸಿಕೊಟ್ಟರು. ಅತ್ತೆ ಬಹಳ ಮೆಚ್ಚಿದರು. ಇದೇ ಸಮಯ ಅಂತ ನಾನು ರೂಮಿನ ಮಾತೆತ್ತಿದೆ. ಅವರು ಬಾಕ್ಸನ್ನ ಮಾತ್ರ ಒಳಗೆ ಎಳೆದುಕೊಂಡು ಬಾಗಿಲು ಮುಂದೆ ಮಾಡಿದರು.

೨. ಶನಿ ವಾಪಸ್ ಬಂದಿದ್ದು

ಮುಳಬಾಗಿಲಿನ ಲೆಕ್ಚರರೊಬ್ಬರ ಶೂ ಬಂದಿತ್ತು. ಬೂದಿ ಬಣ್ಣಕ್ಕೆ ತಿರುಗಿದ್ದ, ಹಿಮ್ಮಡಿ ಕುಸಿದ ಶೂ. ಅದನ್ನ ಬಿಳೀ ಮಾಡಿ, ಹಿಮ್ಮಡಿಗೆ ಒಳಗಿಂದ ಬಟ್ಟೆ ಕೊಟ್ಟು, ನೀಲಿ ಲೇಸು ಹಾಕಿ ಕಳಿಸಿದೆ. ಗುರುತೇ ಸಿಗಬಾರದು, ಹಾಗೆ ಮಾಡಿದ್ದೆ. ಅಲ್ಲೇ ಎಡವಟ್ಟಾಯಿತು.

ಅವರು ಅದನ್ನ ಹಾಕಿಕೊಂಡ ಮೊದಲನೇ ದಿನ ಶನಿವಾರ, ಸೀದಾ ದೇವಸ್ಥಾನಕ್ಕೆ ಹೋಗಿದಾರೆ. ಹೂವಿನಮ್ಮನ ಪಕ್ಕ ಶೂ ಬಿಟ್ಟು ಒಳಗೆ ಹೋಗಿ ಬಂದು ನೋಡ್ತಾರೆ, ಅವರ ಕಣ್ಣು ಹುಡುಕ್ತಿರೋದು ಬೂದಿ ಬಣ್ಣದ ಶೂನ. ಐದು ವರ್ಷದ ಅಭ್ಯಾಸ, ಏನು ಮಾಡ್ತಾರೆ ಪಾಪ. ಇಲ್ಲ. ಯಾರೋ ಹೊಡ್ಕೊಂಡು ಹೋದರು ಅಂದುಕೊಂಡರು. ದೇವಸ್ಥಾನದಲ್ಲಿ ಚಪ್ಪಲಿ ಹೋದರೆ ಶನಿ ಬಿಟ್ಟ ಅಂತ ನಮ್ಮ ಕಡೆ ಎಲ್ಲರಿಗೂ ಗೊತ್ತು. ಅದೂ ಶನಿವಾರ. ಮನುಷ್ಯ ಬೇಜಾರಾಗೋ ಬದಲು ಇನ್ನೊಂದು ಸಲ ಕೈಮುಗಿದು, ಬರಿಗಾಲಲ್ಲಿ ಕುಣಿಯುತ್ತಾ ಮನೆಗೆ ಹೋಗಿದಾರೆ.

ಸೋಮವಾರ ಶಾಲೆಗೇ ಫೋನ್ ಮಾಡಿದರು. "ಶನಿ ಬಿಟ್ಟ ಅಂತ ಮನೇಲಿ ಪಾಯಸ ಮಾಡಿಸಿದ್ದೆ ಮೇಡಂ. ಊಟಕ್ಕೆ ಕೂತಿದೀವಿ, ಹೂವಿನಮ್ಮ ವಿಚಾರಿಸಿಕೊಂಡು ವಿಚಾರಿಸಿಕೊಂಡು ಶನೀನ ಮನೆ ಬಾಗಿಲಿಗೇ ತಂದುಕೊಟ್ಟರು."

ಸಿಟ್ಟಾಗಿದಾರೋ ನಗ್ತಿದಾರೋ ಗೊತ್ತಾಗಲಿಲ್ಲ. ಕೊನೆಗೆ ಅವರ ಕೋರಿಕೆ ಇಷ್ಟೇ: ಒಂದು ಶೂ ಮೇಲಾದರೂ ಆ ಹಳೇ ಕಲೆ ಇತ್ತಲ್ಲ, ಅದನ್ನ ವಾಪಸ್ ಬರೆದುಕೊಡಿ.

೩. ಹಳೇದು ಮಾಡೋ ಕೆಲಸ

ಮಾಲೂರಿಂದ ಕಾಲೇಜು ಹುಡುಗಿಯೊಬ್ಬಳು ಹೊಚ್ಚ ಹೊಸ ಶೂ ತಂದಳು. ಡಬ್ಬದಿಂದ ಈಗ ತೆಗೆದ ಹಾಗಿತ್ತು. ಏನು ಬರೀಬೇಕಮ್ಮ ಅಂತ ಕೇಳಿದೆ. ಏನೂ ಬರೀಬೇಡಿ ಆಂಟಿ, ಇದನ್ನ ಹಳೇದು ಮಾಡಿಕೊಡಿ ಅಂದಳು. ಮೂರು ನಾಲ್ಕು ವರ್ಷ ಹಾಕಿದ ಹಾಗೆ ಕಾಣಬೇಕು, ಅಲ್ಲಲ್ಲಿ ಸವೆದಿರಬೇಕು, ಸೋಲು ಹಳದಿ ಆಗಿರಬೇಕು, ಈಗ ಅದೇ ಸ್ಟೈಲಂತೆ.

ಅತ್ತೆ ಬಾಗಿಲ ಒಳಗೆ ಕೂತು ಎಲ್ಲ ಕೇಳಿಸಿಕೊಳ್ತಿದ್ದರು. ಹುಡುಗಿ ಹೋದ ಮೇಲೆ, "ಇದಕ್ಕೆ ನೀನು ಯಾಕಮ್ಮ ಬ್ರಷ್ ಹಿಡ್ಕೊಂಡು ಕಷ್ಟಪಡ್ತೀಯ" ಅಂದರು. "ನನ್ನ ಮಗನ ಕಾಲಿಗೆ ಹದಿನೈದು ದಿನ ಕೊಟ್ಟುಬಿಡು, ಸಾಕು."

ಯಜಮಾನರು ಪೇಪರ್ ಮುಖಕ್ಕೆ ಅಡ್ಡ ಹಿಡಿದುಕೊಂಡರು.

೪. ಮದುಮಗನ ಎಡಗಾಲು

ಇದು ಹೋದ ಅವರೆಕಾಯಿ ಕಾಲದಲ್ಲಿ ಆಗಿದ್ದು. ಮಾಲೂರಿನ ಹುಡುಗನೊಬ್ಬ ಸೋಮವಾರ ಒಂದು ಜೊತೆ ನೀಲಿ ಶೂ ತಂದ. ಮುಂಭಾಗ ಬಾಯಿ ಬಿಟ್ಟಿತ್ತು, ಬಟ್ಟೆ ಹರಿದಿತ್ತು, ನೀಲಿ ಅನ್ನೋದನ್ನ ಅವನು ಹೇಳಿದ್ದಕ್ಕೆ ನಂಬಬೇಕು. ಬರೋ ಭಾನುವಾರ ಅವನ ಮದುವೆ, ಆರತಕ್ಷತೆಗೆ ಇದನ್ನೇ ಹಾಕಬೇಕಂತೆ. ಹೊಸದು ತಗೊಳ್ಳಪ್ಪ ಅಂದೆ. ಆಗ ನಾಚಿಕೊಂಡು ಕಥೆ ಹೇಳಿದ. ಮೂರು ವರ್ಷದ ಹಿಂದೆ ಮಾಲೂರು ಸ್ಟೇಷನ್ನಿನಲ್ಲಿ ರೈಲು ಹತ್ತೋ ನೂಕುನುಗ್ಗಲಲ್ಲಿ ಒಬ್ಬಳು ಹುಡುಗಿ ಅವನ ಎಡಗಾಲು ತುಳಿದು ಸಾರಿ ಅಂದಳಂತೆ. ಆ ಸಾರಿ ಬೆಳೆದು ಬೆಳೆದು ಈಗ ಮದುವೆಗೆ ಬಂದು ನಿಂತಿದೆ. ನನಗೆ ಕಣ್ಣಲ್ಲಿ ನೀರೇ ಬಂತು. ಬೇರೆಯೋರದ್ದು ಬಿಟ್ಟು ನಿಂದು ಮಾಡಿಕೊಡ್ತೀನಿ ಕಣಪ್ಪ ಅಂತ ಮಾತು ಕೊಟ್ಟೆ.

ಬುಧವಾರ ಅತ್ತೆ ಶ್ರೀನಿವಾಸಪುರಕ್ಕೆ ಹೋಗಿ ಬಂದರು. ಅಲ್ಲಿ ಅವರ ತಮ್ಮ, ಅಂದರೆ ಯಜಮಾನರ ಸೋದರಮಾವ, ಮನೆ ಕಟ್ಟಿಸ್ತಿದಾರೆ, ಅವತ್ತು ತಾರಸಿಗೆ ಮೋಲ್ಡ್ ಹಾಕೋ ಪೂಜೆ. ಗುರುವಾರ ಬೆಳಿಗ್ಗೆ ಕೆಲಸಕ್ಕೆ ಕೂತು ನೋಡಿದರೆ ಮದುಮಗನ ಶೂನಲ್ಲಿ ಬಲಗಾಲಿಂದು ಮಾತ್ರ ಇದೆ. ಎಡಗಾಲಿಂದು ಇಲ್ಲ. ತುಳಿಸಿಕೊಂಡ ಕಾಲಿಂದೇ ಇಲ್ಲ.

ನಮ್ಮ ಬೀದಿಯ ಕಂದು ನಾಯಿ ಮೇಲೆ ಅನುಮಾನ ಬಂತು. ನಾನೂ ಯಜಮಾನರೂ ರಜೆ ಹಾಕಿದೆವು. ಬಿಸ್ಕತ್ತು ಹಾಕಿ, ಮುದ್ದು ಮಾಡಿ, ಅದು ಹೋದ ಕಡೆಯೆಲ್ಲ ಇಬ್ಬರೂ ಹಿಂದೆ ಹಿಂದೆ ಹೋದೆವು. ಎಲ್ಲಾದರೂ ಬಚ್ಚಿಟ್ಟಿದ್ದರೆ ತೋರಿಸುತ್ತೆ ಅಂತ ಆಸೆ. ಅದು ಎರಡು ಪ್ಯಾಕೆಟ್ ತಿಂದು ಟೆಂಪೋ ಕೆಳಗೆ ಮಲಗಿತು. ಅತ್ತೆ ಜಗಲಿ ಮೇಲೆ ಅವರೆಕಾಯಿ ಸುಲಿಯುತ್ತಾ, ಅದಕ್ಕೆ ಇನ್ಮೇಲೆ ಒಂದು ತುತ್ತೂ ಹಾಕಬೇಡಿ, ಕಳ್ಳ ನಾಯಿ ಅಂತ ಬೈದರು.

ಸಂಜೆ ಫ್ಯಾಮಿಲಿ ಗ್ರೂಪಿಗೆ ಅತ್ತೆಯ ತಮ್ಮ ಫೋಟೋ ಹಾಕಿದರು. ಹೊಸ ಮೋಲ್ಡು, ಮುಂದೆ ನಗ್ತಾ ನಿಂತ ಮಾವ, ಮೇಲೆ ಕಂಬಿಗೆ ದೃಷ್ಟಿ ತಗಲಬಾರದು ಅಂತ ಕಟ್ಟಿದ ಬೂದುಗುಂಬಳಕಾಯಿ. ಅದರ ಪಕ್ಕದಲ್ಲಿ ತಲೆಕೆಳಗಾಗಿ ನೇತಾಡ್ತಿರೋ ಒಂದು ನೀಲಿ ಶೂ.

ಫೋನ್ ತಗೊಂಡು ಹೋಗಿ ಅತ್ತೆಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ನೋಡಿದರು.

"ಹೂಂ, ನಾನೇ ತಗೊಂಡೋಗಿದ್ದು. ದೃಷ್ಟಿಗೆ ಕಟ್ಟೋಕೆ ಹಳೇದೊಂದು ಬೇಕು ಅಂದ. ನಿನ್ನ ರಾಶಿಯಲ್ಲಿ ಎಲ್ಲಕ್ಕಿಂತ ಕೆಟ್ಟದ್ದು ಅದೇ ಇತ್ತು. ಒಂದೇ ಸಾಕು ಅಂತ ಇನ್ನೊಂದು ನಿಂಗೇ ಬಿಟ್ಟಿದೀನಲ್ಲ."

ಜಗಲಿಯಿಂದ ಸೀದಾ ಆಟೋಗೆ ಇಟ್ಟೆ ಕಣಮ್ಮ, ಹೊಸ್ತಿಲು ದಾಟಿಸಲಿಲ್ಲ ಅಂತ ಬೇರೆ ಸೇರಿಸಿದರು. ಬೆಳಿಗ್ಗೆಯಿಂದ ಹುಡುಕ್ತಿದ್ದಿದ್ದು ಇದನ್ನೇ ಅತ್ತೆ ಅಂದರೆ, ಇಷ್ಟೊಂದು ಹುಡುಕ್ತಿದೀರಲ್ಲ, ಯಾವುದೋ ಒಳ್ಳೇ ಶೂ ಇರಬೇಕು ಅಂದುಕೊಂಡಿದ್ದೆ ಅಂದರು. ಆಮೇಲೆ ಸ್ಟೇಷನ್ನಿನ ಕಥೆ ಹೇಳಿದೆ. ಅತ್ತೆ ಅವರೆಕಾಯಿ ಪಕ್ಕಕ್ಕಿಟ್ಟರು.

ಶುಕ್ರವಾರ ಬೆಳಿಗ್ಗೆ ಮೂವರೂ ಶ್ರೀನಿವಾಸಪುರದ ಬಸ್ಸು ಹತ್ತಿದೆವು. ಮಾವ ಪಕ್ಕದ ಹಳೇ ಮನೆಯಲ್ಲಿ ಕೂರಿಸಿ ಕಾಫಿ ಕೊಟ್ಟರು, ಉಪಚಾರ ಮಾಡಿದರು, ಶೂ ಮಾತ್ರ ಕೊಡಲ್ಲ ಅಂದರು. ಅದನ್ನ ಕಟ್ಟಿದ ದಿನದಿಂದ ಒಂದೂ ತೊಂದರೆ ಇಲ್ಲವಂತೆ. ಸಿಮೆಂಟ್ ಬಂತು, ನೀರು ಬಂತು, ಮೇಸ್ತ್ರಿ ಹೇಳಿದ ಟೈಮಿಗೆ ಬಂದ. "ಮೇಸ್ತ್ರಿ ಟೈಮಿಗೆ ಬರೋದು ಅಂದರೆ ಸಾಮಾನ್ಯನಾ ಅಕ್ಕಯ್ಯ" ಅಂದರು. ಅತ್ತೆಗೂ ಅದು ಸರಿ ಅನ್ನಿಸಿಬಿಟ್ಟಿತು.

ಕೊನೆಗೆ ಮಾವ ಒಂದು ದಾರಿ ತೋರಿಸಿದರು. ಇದಕ್ಕಿಂತ ಕೆಟ್ಟದ್ದೊಂದು ಕೊಟ್ಟರೆ ಬದಲಾಯಿಸಬಹುದು. ಬುದ್ಧಿವಂತೆ ನಾನು, ಮನೆಯಿಂದಲೇ ಒಂದು ಒಂಟಿ ಶೂ ಚೀಲದಲ್ಲಿ ತಂದಿದ್ದೆ. ಆದರೆ ಕೈ ಸುಮ್ಮನಿರಬೇಕಲ್ಲ, ಹೊರಡೋ ಮುಂಚೆ ಅದನ್ನ ತೊಳೆದು ಸ್ವಲ್ಪ ಬಣ್ಣ ಕೂಡ ಹಚ್ಚಿದ್ದೆ. ಮಾವ ಅದನ್ನ ನೋಡಿ ತಲೆಯಾಡಿಸಿದರು. ಇದನ್ನ ಕಟ್ಟಿದರೆ ದಾರಿಲಿ ಹೋಗೋರು ನಿಂತುಕೊಂಡು ಇನ್ನೂ ಚೆನ್ನಾಗಿ ನೋಡ್ತಾರಮ್ಮ ಅಂದರು.

ಏನು ಮಾಡೋದು ಅಂತ ಎಲ್ಲರೂ ಕೂತಿದೀವಿ. ಮಾವನ ಕಣ್ಣು ಬಾಗಿಲ ಆಚೆ, ನಾವು ಬಿಟ್ಟಿದ್ದ ಚಪ್ಪಲಿಗಳ ಕಡೆ ಹೋಯಿತು. ಎದ್ದು ಹೋಗಿ ಬಗ್ಗಿ ನೋಡಿದರು. ಅವರ ಮುಖದಲ್ಲಿ ಹೊಸ ಮನೆ ನೋಡಿದಾಗಲೂ ಅಷ್ಟು ಸಂತೋಷ ಇರಲಿಲ್ಲ.

"ಇದು ಯಾರದು?"

ನಾನು ಯಜಮಾನರ ಮುಖ ನೋಡಲಿಲ್ಲ, ನೋಡೋ ಧೈರ್ಯ ಇರಲಿಲ್ಲ. ಒಂದೂವರೆ ವರ್ಷದ "ಮುಂದಿನ ವಾರ" ಎಲ್ಲ ಅಲ್ಲಿ ಬಾಗಿಲಲ್ಲಿ ಬಾಯಿ ಬಿಟ್ಟುಕೊಂಡು ಕೂತಿತ್ತು.

"ನನ್ನದೇ ಮಾವ" ಅಂದರು ಯಜಮಾನರು.

"ಎಡಗಾಲಿಂದು ಕೊಡು, ಅದರಲ್ಲಿ ತೂತಿದೆ" ಅಂದರು ಮಾವ.

ಮೇಸ್ತ್ರಿ ಮೇಲೆ ಹತ್ತಿ ಒಂದನ್ನ ಬಿಚ್ಚಿ ಇನ್ನೊಂದನ್ನ ಕಟ್ಟಿದ. ಯಜಮಾನರು ಒಂದು ಕಾಲಿಗೆ ಶೂ, ಇನ್ನೊಂದು ಕಾಲಿಗೆ ಮೇಸ್ತ್ರಿಯ ಹವಾಯಿ ಚಪ್ಪಲಿ ಹಾಕಿಕೊಂಡು ಬಸ್ಸಲ್ಲಿ ಕೋಲಾರಕ್ಕೆ ಬಂದರು. ಕಂಡಕ್ಟರ್ ಎರಡು ಸಲ ಬಗ್ಗಿ ನೋಡಿದ.

ಶನಿವಾರ ಸಿಮೆಂಟ್ ಕೆರೆದು, ಮುಂಭಾಗ ಅಂಟಿಸಿ, ನೀಲಿ ಬಣ್ಣ ಹಾಕಿ ಒಣಗೋಕೆ ಇಟ್ಟೆ. ಅಷ್ಟೊತ್ತಿಗೆ ಎದುರು ಮನೆಯವರಿಗೆ ಒಂದು ಲೋಡ್ ಮರಳು ಬಂತು. ಧೂಳು ಎದ್ದಿದ್ದು ನೋಡಿ ನಾನು ಸೆರಗು ಅಡ್ಡ ಹಿಡಿದುಕೊಂಡು ಕೂತೆ, ಅಳು ಬರೋ ಹಾಗಾಯಿತು. ಅತ್ತೆ ಒಳಗಿಂದ ಬಂದರು. ಧೂಳು ನೋಡಿದರು, ಶೂ ನೋಡಿದರು. ಎರಡನ್ನೂ ಎರಡು ಬೆರಳಲ್ಲಿ ಎತ್ತಿಕೊಂಡು ಹೊಸ್ತಿಲು ದಾಟಿಸಿ, ಹೊಲಿಗೆ ಮಿಷಿನ್ ಮೇಲೆ ಇಟ್ಟರು. ಮದುಮಗಂದು ಅಂತ ಬಿಟ್ಟಿದೀನಿ, ಇದೊಂದೇ ಅಂದರು.

ಭಾನುವಾರ ಆರತಕ್ಷತೆಗೆ ನಾವೂ ಹೋಗಿದ್ದೆವು. ಸ್ಟೇಜಿನ ಮೇಲೆ ಎಲ್ಲರೆದುರಿಗೆ ಮದುಮಗಳು ಬೇಕು ಬೇಕಂತಲೇ ಅವನ ಎಡಗಾಲು ತುಳಿದಳು. ನಮ್ಮತ್ತೆ ನಕ್ಕಷ್ಟು ಅಲ್ಲಿ ಯಾರೂ ನಗಲಿಲ್ಲ.

ಸೋಮವಾರ ಮತ್ತೆ ಎರಡು ಚೀಲ ಶೂ ಬಂದವು. ನಾನು ಅಭ್ಯಾಸದಂತೆ ಜಗಲಿ ಮೇಲೆ ಚಾಪೆ ಹಾಸ್ತಿದ್ದೆ. ಅತ್ತೆ ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ನೋಡಿದರು. ಆ ಕಡೆ ಬೀದಿ ನೋಡಿದರು, ಈ ಕಡೆ ಬೀದಿ ನೋಡಿದರು.

"ಎಲ್ಲ ಒಳಗಡೆ ರೂಮಲ್ಲಿ ಇಟ್ಕೊಳಮ್ಮ" ಅಂದರು. "ಹೀಗೆ ಆಚೆ ಬಿಟ್ಟರೆ ಯಾರಾದರೂ ಎತ್ಕೊಂಡು ಹೋಗ್ತಾರೆ."